ಆಪತ್ತಿನ ತರುವಾಯದ ಸೇವೆ: ಚರ್ಚುಗಳ ಇತಿಹಾಸದಿಂದ ನಾವು ಕಲಿಯತಕ್ಕುದು



ಹೊಳೆಗೆ ಮಹಾಪೂರ ಬಂದಾಗ, ಭೂಮಿ ನಡುಗಿದಾಗ, ಬಿರುಗಾಳಿ ಊರನ್ನು ಕೆಡವಿದಾಗ ಕಂಡವರ ಹೃದಯ ಕರಗುವುದು ಸಹಜ. ಮೊದಲನೆಯ ವಾರದಲ್ಲಿ ರೊಟ್ಟಿಯ ಗಂಟುಗಳೂ, ಹೊದಿಕೆಗಳೂ, ಔಷಧಿಗಳೂ ಲಾರಿಗಟ್ಟಲೆ ಬಂದಿಳಿಯುತ್ತವೆ. ಗಂಜಿಕೇಂದ್ರಗಳು ತೆರೆಯುತ್ತವೆ, ಪತ್ರಿಕೆಗಳಲ್ಲಿ ದಾನಿಗಳ ಭಾವಚಿತ್ರಗಳು ಅಚ್ಚಾಗುತ್ತವೆ. ಒಂದು ತಿಂಗಳು ಕಳೆಯುವುದರೊಳಗೆ ಗಂಜಿಕೇಂದ್ರ ಮುಚ್ಚುತ್ತದೆ. ಮೂರನೆಯ ತಿಂಗಳಿಗೆ ಆ ಊರಿನ ಹೆಸರು ಪತ್ರಿಕೆಗಳಿಂದ ಮರೆಯಾಗುತ್ತದೆ. ಆದರೆ ಮನೆ ಕಳೆದುಕೊಂಡ ಸಂಸಾರಕ್ಕೆ ನಿಜವಾದ ಕಷ್ಟಕಾಲವು ಪ್ರಾರಂಭವಾಗುವುದೇ ಆಗ. ಕೂಲಿಯಿಲ್ಲ, ಎತ್ತಿಲ್ಲ, ಕಾಗದಪತ್ರಗಳಿಲ್ಲ, ನೆರೆಯವರು ಎಲ್ಲಿ ಹೋದರೋ ತಿಳಿಯದು. ಹಸಿದವನಿಗೆ ಅನ್ನವಿಕ್ಕುವುದು ನಮ್ಮ ಮಠಗಳಿಗೆ ಹೊಸದಲ್ಲ. ದಾಸೋಹವು ನಮ್ಮ ಧರ್ಮದ ಉಸಿರು. ಆದರೆ ಅನ್ನವುಂಡು ಪ್ರಾಣ ಉಳಿಸಿಕೊಂಡವನನ್ನು ಪುನಃ ಅವನ ಹೊಸ್ತಿಲ ಮೇಲೆ, ಅವನ ಕಾಯಕದ ಮೇಲೆ ನಿಲ್ಲಿಸುವ ಕಾರ್ಯವನ್ನು ಧರ್ಮಸಂಸ್ಥೆಯು ಹೇಗೆ ಮಾಡಬೇಕು? ಇಂದಿನ ಲೇಖನದ ವಿಷಯವು ಇದೇ ಆಗಿದೆ.

ಈ ಪ್ರಶ್ನೆಗೆ ಉತ್ತರವನ್ನು ಅರಸುತ್ತ ನಾವು ಉತ್ತರ ಅಮೆರಿಕೆಯ ಕ್ರೈಸ್ತ ಚರ್ಚುಗಳ ಇತಿಹಾಸದ ಕಡೆಗೆ ವಾಚಕರ ಗಮನವನ್ನು ಸೆಳೆಯಬಯಸುತ್ತೇವೆ. ಮಠದ ಪತ್ರಿಕೆಯಲ್ಲಿ ಚರ್ಚಿನ ವಿಚಾರವೇಕೆಂದು ಕೆಲವರು ಕೇಳಬಹುದು. ಒಳ್ಳೆಯದು ಎಲ್ಲಿದ್ದರೂ ಅರಿಯುವುದು ಶರಣಮಾರ್ಗಕ್ಕೆ ವಿರೋಧವಲ್ಲ. ಅದಲ್ಲದೆ ಚರ್ಚೆಂಬುದು ಕೂಡ ಮಠದಂತೆಯೇ ಜನರ ನಡುವೆ ನಿಂತ ಸಂಸ್ಥೆ. ಸರಕಾರದ ಬಲವಾಗಲಿ ವರ್ತಕನ ಬಂಡವಾಳವಾಗಲಿ ಅದಕ್ಕಿಲ್ಲ. ಅಂತಹ ಸಂಸ್ಥೆಯು ವಿಪತ್ತಿನ ತರುವಾಯ ಏನನ್ನು ಸಾಧಿಸಿತು, ಎಲ್ಲಿ ಎಡವಿತು ಎಂಬುದನ್ನು ಅಲ್ಲಿಯ ವಿದ್ವಾಂಸರು ನೂರು ವರ್ಷಗಳಿಂದ ಬರೆದಿಟ್ಟಿದ್ದಾರೆ. ಆ ಬರಹಗಳಿಂದ ನಾವು ಕಲಿಯತಕ್ಕುದು ಬಹಳವಿದೆ.

ಹ್ಯಾಲಿಫ್ಯಾಕ್ಸ್ ನಗರದ ಪಾದ್ರಿ

೧೯೧೭ನೆಯ ಇಸವಿಯ ಡಿಸೆಂಬರ್ ೬ರ ಬೆಳಗ್ಗೆ, ಮೊದಲನೆಯ ಮಹಾಯುದ್ಧದ ಕಾಲದಲ್ಲಿ, ಕೆನಡಾ ದೇಶದ ಹ್ಯಾಲಿಫ್ಯಾಕ್ಸ್ ಬಂದರಿನಲ್ಲಿ ಎರಡು ಹಡಗುಗಳು ಡಿಕ್ಕಿ ಹೊಡೆದವು. ಅವುಗಳಲ್ಲೊಂದಾದ ‘ಮೋಂ ಬ್ಲಾಂ’ ಎಂಬ ಫ್ರೆಂಚ್ ಹಡಗು ಸಿಡಿಮದ್ದಿನಿಂದ ತುಂಬಿತ್ತು. ಬೆಂಕಿ ಹತ್ತಿದ ಹಡಗನ್ನು ನೋಡಲು ಜನರು ದಂಡೆಗೂ ಕಿಟಕಿಗಳಿಗೂ ಬಂದು ನಿಂತರು. ಒಂಬತ್ತು ಗಂಟೆ ಕಳೆದು ನಾಲ್ಕು ನಿಮಿಷಕ್ಕೆ ಹಡಗು ಸಿಡಿಯಿತು. ನಗರದ ಉತ್ತರ ಭಾಗವು ನೆಲಸಮವಾಯಿತು. ಸುಮಾರು ಎರಡು ಸಾವಿರ ಜನರು ಮಡಿದರು. ಒಂಬತ್ತು ಸಾವಿರದಷ್ಟು ಜನರು ಗಾಯಗೊಂಡರು. ಕಿಟಕಿಯ ಗಾಜು ಸಿಡಿದು ನೂರಾರು ಜನರ ಕಣ್ಣುಗಳಿಗೆ ಪೆಟ್ಟಾಯಿತು. ಮರುದಿನವೇ ಹಿಮದ ಬಿರುಗಾಳಿ ಬೀಸಿತು. ಸಾವಿರಾರು ಸಂಸಾರಗಳಿಗೆ ತಲೆಯ ಮೇಲೆ ಸೂರಿಲ್ಲ.

ಆ ನಗರದ ಸೇಂಟ್ ಪಾಲ್ ಚರ್ಚಿನಲ್ಲಿ ಸ್ಯಾಮುಯೆಲ್ ಹೆನ್ರಿ ಪ್ರಿನ್ಸ್ ಎಂಬ ಯುವ ಪಾದ್ರಿಗಳಿದ್ದರು. ೧೯೧೨ರಲ್ಲಿ ಟೈಟಾನಿಕ್ ಹಡಗು ಮುಳುಗಿದಾಗ ಸಮುದ್ರದಲ್ಲಿ ತೇಲುತ್ತಿದ್ದ ಶವಗಳನ್ನು ತರುವ ಕಾರ್ಯದಲ್ಲಿಯೂ ಅವರು ಭಾಗಿಯಾಗಿದ್ದರು. ಸ್ಫೋಟದ ತರುವಾಯ ಅವರು ಸಂತ್ರಸ್ತರ ಸೇವೆಯಲ್ಲಿ ತೊಡಗಿದರು. ಅನಂತರ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಹೋಗಿ ತಾವು ಕಣ್ಣಾರೆ ಕಂಡುದನ್ನೇ ವಿಷಯವಾಗಿಟ್ಟುಕೊಂಡು ಪ್ರಬಂಧವನ್ನು ಬರೆದರು. ೧೯೨೦ರಲ್ಲಿ ಪ್ರಕಟವಾದ ಆ ಗ್ರಂಥವೇ ವಿಪತ್ತನ್ನು ಸಮಾಜಶಾಸ್ತ್ರದ ದೃಷ್ಟಿಯಿಂದ ಕ್ರಮಬದ್ಧವಾಗಿ ಪರಿಶೀಲಿಸಿದ ಮೊದಲನೆಯ ಗ್ರಂಥವೆಂದು ಇಂದಿಗೂ ಗಣಿಸಲ್ಪಡುತ್ತದೆ. ಒಬ್ಬ ಧರ್ಮಸೇವಕನ ಲೇಖನಿಯಿಂದ ಈ ಶಾಸ್ತ್ರವು ಹುಟ್ಟಿತೆಂಬುದು ಗಮನಾರ್ಹ ಸಂಗತಿ. ಸೇವೆ ಮಾಡಿದವನು ಅದನ್ನು ಪರಾಮರ್ಶಿಸಿ ಮುಂದಿನವರಿಗಾಗಿ ಬರೆದಿಡಬೇಕೆಂಬುದು ಅವರ ಜೀವನದಿಂದ ನಾವು ತಿಳಿಯುವ ಮೊದಲನೆಯ ಪಾಠ.

ಪ್ರಿನ್ಸ್ ಅವರ ಸಿದ್ಧಾಂತವನ್ನು ಸಂಕ್ಷೇಪವಾಗಿ ಹೀಗೆ ಹೇಳಬಹುದು: ಮಹಾವಿಪತ್ತು ಬಡಿದಾಗ ಸಮಾಜದ ಹಳೆಯ ಕಟ್ಟುಗಳೆಲ್ಲ ಸಡಿಲಗೊಳ್ಳುತ್ತವೆ. ಎರಕದ ಲೋಹ ಕರಗಿದಾಗ ಯಾವ ಅಚ್ಚಿನಲ್ಲಿ ಹೊಯ್ದರೆ ಆ ಆಕಾರವನ್ನೇ ಪಡೆಯುವಂತೆ, ಆ ಹೊತ್ತಿನಲ್ಲಿ ಸಮಾಜವು ಹೊಸ ರೂಪಕ್ಕೆ ಸಿದ್ಧವಾಗಿರುತ್ತದೆ. ಆದುದರಿಂದ ಬದಲಾವಣೆಯು ಬಂದೇ ಬರುತ್ತದೆ. ಆದರೆ ಅದು ಒಳ್ಳೆಯದೇ ಆಗುವುದೆಂಬ ಭರವಸೆಯಿಲ್ಲ. ಆಗ ಮುಂದೆ ನಿಂತವರ ವಿವೇಕವನ್ನು ಅದು ಅವಲಂಬಿಸಿದೆ.

ಇದಕ್ಕೆ ಆ ನಗರದಲ್ಲಿಯೇ ಒಂದು ಸೊಗಸಾದ ನಿದರ್ಶನವು ದೊರೆಯುತ್ತದೆ. ನೆಲಸಮವಾದ ಉತ್ತರ ಭಾಗದಲ್ಲಿ ಗ್ರೋವ್ ಪ್ರೆಸ್ಬಿಟೇರಿಯನ್ ಹಾಗೂ ಕೇ ಸ್ಟ್ರೀಟ್ ಮೆಥಡಿಸ್ಟ್ ಎಂಬ ಎರಡು ಚರ್ಚುಗಳಿದ್ದವು. ಎರಡು ಪಂಥಗಳ ಆಚಾರವಿಚಾರಗಳು ಬೇರೆ ಬೇರೆ. ಎರಡೂ ಕಟ್ಟಡಗಳು ನಾಶವಾದವು. ಎರಡರ ಭಕ್ತರಲ್ಲಿಯೂ ಅನೇಕರು ಸತ್ತರು. ಮೆಥಡಿಸ್ಟ್ ಚರ್ಚಿನ ಪಾದ್ರಿಗಳು ಆ ದಿನ ಮಡದಿಯನ್ನೂ ಮಗನನ್ನೂ ಕಳೆದುಕೊಂಡಿದ್ದರು. ಉಳಿದವರು ೧೯೧೮ರಲ್ಲಿ ಟಾರು ಕಾಗದ ಹೊದಿಸಿದ ಒಂದೇ ತಾತ್ಕಾಲಿಕ ಚಪ್ಪರದಲ್ಲಿ ಕೂಡಿ ಪ್ರಾರ್ಥನೆ ಮಾಡತೊಡಗಿದರು. ೧೯೨೧ರಲ್ಲಿ ಎರಡೂ ಸಭೆಗಳು ಒಂದಾಗಿ ಸಂಯುಕ್ತ ಸ್ಮಾರಕ ಚರ್ಚನ್ನು ಕಟ್ಟಿಕೊಂಡವು. ಆ ಪಂಥಗಳು ದೇಶಮಟ್ಟದಲ್ಲಿ ಒಂದುಗೂಡಿ ಯುನೈಟೆಡ್ ಚರ್ಚ್ ಆಫ್ ಕೆನಡಾ ಸ್ಥಾಪನೆಯಾದುದು ೧೯೨೫ರಲ್ಲಿ. ಹಿರಿಯರು ಸಭೆ ಸೇರಿ ಚರ್ಚಿಸುತ್ತಿದ್ದುದನ್ನು ಬೀದಿಯಲ್ಲಿ ನಿಂತ ನಿರಾಶ್ರಿತರು ಅವರಿಗಿಂತ ಮೊದಲೇ ನಡೆದು ತೋರಿಸಿದರು.

ಮುಯ್ಯಾಳಿನ ಧರ್ಮ

ಎರಡನೆಯದಾಗಿ ಮೆನ್ನೊನೈಟರೆಂಬ ಚಿಕ್ಕ ಪಂಥದ ವಿಚಾರವನ್ನು ಹೇಳಬೇಕು. ಹದಿನಾರನೆಯ ಶತಮಾನದಲ್ಲಿ ಯೂರೋಪಿನಲ್ಲಿ ಹುಟ್ಟಿದ ಈ ಪಂಥದವರು ಆಯುಧವನ್ನು ಹಿಡಿಯುವುದಿಲ್ಲ. ಎರಡನೆಯ ಮಹಾಯುದ್ಧದಲ್ಲಿ ಅಮೆರಿಕೆಯ ಮೆನ್ನೊನೈಟ್ ತರುಣರಲ್ಲಿ ಬಹುಮಂದಿ ಸೈನ್ಯಕ್ಕೆ ಸೇರದೆ, ಅದಕ್ಕೆ ಬದಲಾಗಿ ಅರಣ್ಯ ರಕ್ಷಣೆ, ಮನೋರೋಗಿಗಳ ಆಸ್ಪತ್ರೆಯ ಸೇವೆ ಮೊದಲಾದ ಕಾರ್ಯಗಳನ್ನು ಮಾಡಿದರು. ಯುದ್ಧ ಮುಗಿದ ಮೇಲೆ ಅವರಲ್ಲಿ ಒಂದು ವಿಚಾರವು ಮೂಡಿತು: ದೇಶವು ಕಡ್ಡಾಯಪಡಿಸಿದಾಗ ಮಾಡಿದ ಸೇವೆಯನ್ನು ಶಾಂತಿಯ ಕಾಲದಲ್ಲಿ ಸ್ವಂತ ಇಚ್ಛೆಯಿಂದ ಏಕೆ ಮಾಡಬಾರದು? ೧೯೫೦ರಲ್ಲಿ ಕ್ಯಾನ್ಸಸ್ ರಾಜ್ಯದ ಹೆಸ್ಟನ್ ಎಂಬ ಪುಟ್ಟ ಊರಿನ ಕೆಲವು ತರುಣ ದಂಪತಿಗಳು ವನಭೋಜನಕ್ಕೆ ಕೂಡಿದ್ದಾಗ ಈ ಮಾತು ನಿಶ್ಚಯವಾಯಿತು. ಸಮೀಪದ ವಿಚಿಟಾ ನಗರದ ಬಳಿ ನದಿಯು ಉಕ್ಕಿದಾಗ ಮೊದಲನೆಯ ಸೇವೆ ನಡೆಯಿತು. ಇಂದು ‘ಮೆನ್ನೊನೈಟ್ ಡಿಸಾಸ್ಟರ್ ಸರ್ವಿಸ್’ ಎಂದು ಪ್ರಸಿದ್ಧವಾಗಿರುವ ಸಂಸ್ಥೆಯ ಮೂಲವು ಇದು.

ಇವರ ಸೇವೆಯ ಕ್ರಮವನ್ನು ನಮ್ಮ ವಾಚಕರು ಸುಲಭವಾಗಿ ಗ್ರಹಿಸಬಲ್ಲರು. ಏಕೆಂದರೆ ನಮ್ಮ ಹಳ್ಳಿಗಳಲ್ಲಿ ಮುಯ್ಯಾಳಿನ ಪದ್ಧತಿಯು ಹಿಂದಿನಿಂದಲೂ ನಡೆದು ಬಂದಿದೆ. ಇಂದು ನಿನ್ನ ಹೊಲದಲ್ಲಿ ನಾನು, ನಾಳೆ ನನ್ನ ಹೊಲದಲ್ಲಿ ನೀನು. ಮೆನ್ನೊನೈಟರಲ್ಲಿಯೂ ಅವರ ನಂಟರಾದ ಆಮಿಷ್ ಪಂಥದವರಲ್ಲಿಯೂ ಒಬ್ಬನ ಕಣಜ ಸುಟ್ಟುಹೋದರೆ ಊರಿನ ಗಂಡಸರೆಲ್ಲ ಕೂಡಿ ಹೊಸ ಕಣಜವನ್ನು ಎತ್ತಿ ನಿಲ್ಲಿಸುವ ರೂಢಿಯಿದೆ. ಇದೇ ರೂಢಿಯನ್ನು ಅವರು ಅಪರಿಚಿತರ ಊರಿಗೂ ವಿಸ್ತರಿಸಿದರು. ಗದ್ದಲವಿರುವ ಮೊದಲನೆಯ ವಾರಕ್ಕಿಂತ, ಉಳಿದವರೆಲ್ಲ ಹೊರಟುಹೋದ ಮೇಲಿನ ತಿಂಗಳುಗಳೂ ವರ್ಷಗಳೂ ಅವರ ಮುಖ್ಯ ಕಾರ್ಯಕಾಲ. ವಿಮೆಯಿಲ್ಲದವರು, ವೃದ್ಧರು, ಅಂಗವಿಕಲರು, ಬಡವರು ಇವರ ಮನೆಗಳನ್ನೇ ಆರಿಸಿಕೊಳ್ಳುತ್ತಾರೆ. ನುರಿತ ಬಡಗಿಯೋ ಗಾರೆಯವನೋ ಮುಂದಾಳಾಗಿ ತಿಂಗಳುಗಟ್ಟಲೆ ಅಲ್ಲಿಯೇ ನಿಲ್ಲುತ್ತಾನೆ. ವಾರಕ್ಕೊಂದು ತಂಡದಂತೆ ಬರುವ ಸ್ವಯಂಸೇವಕರು ಅವನ ಕೈಕೆಳಗೆ ದುಡಿಯುತ್ತಾರೆ. ಕೂಲಿಯೆಂಬುದಿಲ್ಲ, ಸಾದಾ ಊಟ, ಸಾದಾ ವಸತಿ. ಕಾಯಕ ಮತ್ತು ದಾಸೋಹಗಳೆರಡೂ ಒಂದೇ ಕ್ರಿಯೆಯಲ್ಲಿ ಕೂಡಿಕೊಂಡಿರುವುದನ್ನು ಇಲ್ಲಿ ಕಾಣುತ್ತೇವೆ.

ಅಮೆರಿಕೆಯ ಸೇವಾಸಂಸ್ಥೆಗಳಿಗೂ ಒಂದು ದೋಷವಿತ್ತು. ೧೯೬೯ರ ಕಮೀಲ್ ಚಂಡಮಾರುತದ ಸಮಯದಲ್ಲಿ ಒಬ್ಬರ ಕೆಲಸ ಇನ್ನೊಬ್ಬರಿಗೆ ತಿಳಿಯದೆ, ಕೆಲವರಿಗೆ ಎರಡೆರಡು ಬಾರಿ ಸಹಾಯ ದೊರೆತು, ಕೆಲವರಿಗೆ ಏನೂ ದೊರೆಯದೆ ಹೋಯಿತು. ಇದನ್ನು ಕಂಡು ೧೯೭೦ರಲ್ಲಿ ಏಳು ಸಂಸ್ಥೆಗಳು ಒಂದು ಸಮಾನ ವೇದಿಕೆಯನ್ನು ಮಾಡಿಕೊಂಡವು. ಅಂದಿನಿಂದ ಬೆಳೆದುಬಂದ ಪದ್ಧತಿಯು ಅನುಕರಣೀಯವಾದುದು. ಪೀಡಿತವಾದ ಊರಿನ ಚರ್ಚುಗಳೂ ಸಂಘಗಳೂ ಒಂದು ಸಮಿತಿಯಾಗಿ ಕೂಡುತ್ತವೆ. ಒಂದೊಂದು ಕುಟುಂಬದ ಸ್ಥಿತಿಯನ್ನು ವಿಚಾರಿಸಿ ಅದಕ್ಕೆ ಏನು ಬಂದಿದೆ, ಏನು ಬಂದಿಲ್ಲವೆಂದು ಬರೆದುಕೊಳ್ಳುತ್ತಾರೆ. ಬಳಿಕ ಒಂದೇ ಮೇಜಿನ ಸುತ್ತ ಕುಳಿತು, ಒಬ್ಬರು ಸಾಮಗ್ರಿಗೆ ಹಣವನ್ನು, ಇನ್ನೊಬ್ಬರು ಕೆಲಸದ ಕೈಗಳನ್ನು, ಮತ್ತೊಬ್ಬರು ಅವರಿಗೆ ಊಟವಸತಿಯನ್ನು ವಹಿಸಿಕೊಳ್ಳುತ್ತಾರೆ. ಮನೆ ಎದ್ದಾಗ ಅದು ಇಂಥವರೇ ಕಟ್ಟಿದ್ದೆಂದು ಹೇಳಲು ಯಾರಿಗೂ ಸಾಧ್ಯವಾಗುವುದಿಲ್ಲ.

ನ್ಯೂ ಆರ್ಲಿಯನ್ಸಿನ ವಿಯೆಟ್ನಾಮೀ ಚರ್ಚು

ಇನ್ನು ಈ ಲೇಖನದ ಹೃದಯದಂತಿರುವ ಪ್ರಸಂಗಕ್ಕೆ ಬರೋಣ. ೨೦೦೫ನೆಯ ಆಗಸ್ಟ್ ೨೯ರಂದು ಕತ್ರೀನಾ ಎಂಬ ಚಂಡಮಾರುತವು ಅಮೆರಿಕೆಯ ದಕ್ಷಿಣ ಕರಾವಳಿಯನ್ನು ಬಡಿಯಿತು. ನ್ಯೂ ಆರ್ಲಿಯನ್ಸ್ ನಗರವು ಬಹುಮಟ್ಟಿಗೆ ಸಮುದ್ರಮಟ್ಟಕ್ಕಿಂತ ತಗ್ಗಿನಲ್ಲಿದೆ. ಅದನ್ನು ಕಾಯುತ್ತಿದ್ದ ಒಡ್ಡುಗಳೂ ತಡೆಗೋಡೆಗಳೂ ಹಲವೆಡೆ ಒಡೆದವು. ನಗರದ ನೂರಕ್ಕೆ ಎಂಬತ್ತು ಪಾಲು ನೀರಿನಲ್ಲಿ ಮುಳುಗಿತು. ಆ ಕರಾವಳಿಯಲ್ಲಿ ಸತ್ತವರು ೧,೩೦೦ಕ್ಕೂ ಮಿಕ್ಕಿದ್ದರು. ನಾಲ್ಕೂವರೆ ಲಕ್ಷದಷ್ಟಿದ್ದ ನಗರದ ಜನರು ಟೆಕ್ಸಾಸ್ ಮೊದಲಾದ ಹೊರರಾಜ್ಯಗಳಿಗೆ ಚದುರಿಹೋದರು. ಜಗತ್ತಿನಲ್ಲೇ ಶ್ರೀಮಂತವಾದ ಸರಕಾರವು ತನ್ನ ಪ್ರಜೆಗಳನ್ನು ಛಾವಣಿಗಳ ಮೇಲಿಂದ ಇಳಿಸಲಾರದೆ ದಿನಗಟ್ಟಲೆ ತಡವರಿಸಿದುದನ್ನು ಲೋಕವೆಲ್ಲ ನೋಡಿತು.

ಆ ನಗರದ ಪೂರ್ವದ ಅಂಚಿನಲ್ಲಿ ವಿಯೆಟ್ನಾಮೀ ಜನರ ಒಂದು ಬಡಾವಣೆಯಿದೆ. ಅವರಲ್ಲಿ ಹಿರಿಯರ ಬದುಕೇ ವಲಸೆಯ ಇತಿಹಾಸ. ಉತ್ತರ ವಿಯೆಟ್ನಾಮಿನ ಹಳ್ಳಿಗಳ ಕ್ಯಾಥೊಲಿಕರಾದ ಅವರು ದೇಶವು ಎರಡಾದ ೧೯೫೪ರಲ್ಲಿ ದಕ್ಷಿಣಕ್ಕೆ ಓಡಿಬಂದರು. ೧೯೭೫ರಲ್ಲಿ ಸೈಗಾನ್ ಬಿದ್ದಾಗ ಅದನ್ನೂ ತೊರೆದು ಅಮೆರಿಕೆಗೆ ಬಂದರು. ಅಲ್ಲಿಯ ಕ್ಯಾಥೊಲಿಕ್ ಸೇವಾಸಂಸ್ಥೆಯು ಅವರಿಗೆ ಈ ಬಡಾವಣೆಯಲ್ಲಿ ಮನೆಗಳನ್ನು ಹುಡುಕಿಕೊಟ್ಟಿತು. ಕೆಲವರು ಸಿಗಡಿ ಹಿಡಿಯುವ ದೋಣಿಗಳನ್ನು ಕೊಂಡರು, ಕೆಲವರು ಅಂಗಡಿಯಿಟ್ಟರು. ಮುದುಕರು ಕಾಲುವೆಯ ದಂಡೆಯಲ್ಲಿ ತಮ್ಮ ದೇಶದ ಸೊಪ್ಪು ತರಕಾರಿಗಳನ್ನು ಬೆಳೆದು ಶನಿವಾರ ನಸುಕಿನಲ್ಲಿ ಸಂತೆ ಕೂಡಿ ಮಾರಿದರು. ಈ ಎಲ್ಲ ಬಾಳ್ವೆಯ ನಡುವೆ ಅವರ ‘ಮೇರಿ ಕ್ವೀನ್ ಆಫ್ ವಿಯೆಟ್ನಾಮ್’ ಚರ್ಚು ನಿಂತಿತ್ತು. ಚರ್ಚಿನ ಆಡಳಿತಕ್ಕಾಗಿ ಬಡಾವಣೆಯನ್ನು ವಲಯಗಳಾಗಿ ವಿಂಗಡಿಸಿ ಪ್ರತಿಯೊಂದಕ್ಕೂ ಒಬ್ಬ ಹಿರಿಯನನ್ನು ನೇಮಿಸಿಕೊಂಡಿದ್ದರು. ಯಾವ ಮನೆಯಲ್ಲಿ ಯಾರು ರೋಗಿ, ಯಾರು ಒಂಟಿ ಎಂಬುದು ಈ ಹಿರಿಯರಿಗೆ ತಿಳಿದಿತ್ತು.

ಆಗ ಆ ಚರ್ಚಿನ ಗುರುಗಳಾಗಿದ್ದವರು ಫಾದರ್ ವಿಯೆನ್. ಚಂಡಮಾರುತದ ಸಮಯದಲ್ಲಿ ಅವರು ಊರನ್ನು ಬಿಟ್ಟು ಹೋಗಲಿಲ್ಲ. ನೀರು ಏರಿದಾಗ ದೋಣಿಗಳಲ್ಲಿ ಜನರನ್ನು ತಂದು ಚರ್ಚಿನ ಆವರಣದಲ್ಲಿ ಸೇರಿಸಿದರು. ಎಲ್ಲರನ್ನೂ ಹೊರರಾಜ್ಯಗಳಿಗೆ ಸಾಗಿಸಿದ ಮೇಲೆ ಅವರು ಮಾಡಿದ ಕಾರ್ಯವನ್ನು ನಾವು ವಿಶೇಷವಾಗಿ ಗಮನಿಸಬೇಕು. ಹ್ಯೂಸ್ಟನ್ ಮೊದಲಾದ ಊರುಗಳಲ್ಲಿ ಚದುರಿದ್ದ ತಮ್ಮ ಭಕ್ತರನ್ನು ಅವರು ಹುಡುಕಿಕೊಂಡು ಹೋದರು. ಶಿಬಿರದಿಂದ ಶಿಬಿರಕ್ಕೆ ಅಲೆದು, ಯಾರು ಎಲ್ಲಿದ್ದಾರೆ, ಯಾರ ತಾಯಿ ಯಾವ ಊರಿನಲ್ಲಿದ್ದಾಳೆ ಎಂಬ ಸುದ್ದಿಯನ್ನು ಒಬ್ಬರಿಂದೊಬ್ಬರಿಗೆ ಮುಟ್ಟಿಸಿದರು. ನಾವು ಹಿಂದಿರುಗುವೆವು ಎಂಬ ಒಂದೇ ಮಾತನ್ನು ಎಲ್ಲೆಡೆ ಹೇಳಿದರು.

ಅಕ್ಟೋಬರ್ ಆರಂಭದಲ್ಲಿ ಊರಿಗೆ ಪ್ರವೇಶ ದೊರೆತಾಗ, ವಿದ್ಯುತ್ತಿಲ್ಲದ ಆ ಬಡಾವಣೆಯಲ್ಲಿ ಕೆಲವರು ಚರ್ಚಿನ ಆವರಣದಲ್ಲಿಯೇ ಉಳಿದು, ಹಗಲು ಮನೆಗಳ ಕೆಸರನ್ನು ತೆಗೆದು ರಾತ್ರಿ ಅಲ್ಲಿ ಮಲಗಿದರು. ಅಕ್ಟೋಬರ್ ೯ರ ರವಿವಾರ ಮೊದಲನೆಯ ಪೂಜೆ ನಡೆಯಿತು. ಸುಮಾರು ಮುನ್ನೂರು ಜನ ಬಂದಿದ್ದರು. ಎರಡು ವಾರಗಳ ತರುವಾಯದ ಪೂಜೆಗೆ ಎರಡು ಸಾವಿರಕ್ಕೂ ಮಿಕ್ಕಿ ಜನ ಸೇರಿದರು. ಆ ದಿನ ಸುತ್ತಮುತ್ತಲಿನ ಬೇರೆ ಜನರಿಗೂ ಆಹ್ವಾನವಿತ್ತು. ಆದರೆ ವಿದ್ಯುತ್ತಿಲ್ಲದೆ ಊರು ಹೇಗೆ ಬದುಕಬೇಕು? ಹಣ ಕಟ್ಟುವ ಗ್ರಾಹಕರು ಸಾಕಷ್ಟಿಲ್ಲದೆ ತಂತಿಯನ್ನು ಜೋಡಿಸಲಾಗದೆಂದು ವಿದ್ಯುತ್ ಕಂಪನಿಯು ಹೇಳಿತು. ಫಾದರ್ ವಿಯೆನ್ ಅವರು ಪೂಜೆಗೆ ನೆರೆದ ಜನರ ಛಾಯಾಚಿತ್ರಗಳನ್ನೂ, ಮನೆಗೆ ಮರಳಿದ ಸುಮಾರು ಐನೂರು ಮಂದಿಯ ಹೆಸರು ವಿಳಾಸಗಳ ಪಟ್ಟಿಯನ್ನೂ ಕಂಪನಿಯ ಮುಂದಿಟ್ಟರು. ನವೆಂಬರ್ ಮೊದಲ ವಾರದಲ್ಲಿ ದೀಪ ಹತ್ತಿತು. ನಗರದ ಬಹುಭಾಗವು ಇನ್ನೂ ಕತ್ತಲೆಯಲ್ಲಿತ್ತು.

ಅಷ್ಟಕ್ಕೆ ತೊಡಕುಗಳು ಮುಗಿಯಲಿಲ್ಲ. ತಗ್ಗಿನ ಕೆಲವು ಭಾಗಗಳನ್ನು ಪುನಃ ಕಟ್ಟದೆ ಬಯಲು ಬಿಡಬೇಕೆಂಬ ಯೋಜನೆಯು ೨೦೦೬ರ ಜನವರಿಯಲ್ಲಿ ಹೊರಬಿತ್ತು. ಫೆಬ್ರುವರಿಯಲ್ಲಿ ಮೇಯರರು ತುರ್ತು ಅಧಿಕಾರವನ್ನು ಉಪಯೋಗಿಸಿ, ಇವರ ಮನೆಗಳಿಂದ ಎರಡು ಮೈಲಿಗಿಂತ ಕಡಿಮೆ ದೂರದಲ್ಲಿ ಚಂಡಮಾರುತದ ಕಸವನ್ನೆಲ್ಲ ಸುರಿಯಲು ಅಪ್ಪಣೆ ಕೊಟ್ಟರು. ಮೂವತ್ತು ವರ್ಷಗಳ ಕಾಲ ಸರಕಾರದ ಬಾಗಿಲಿಗೆ ಹೋಗದೆ ತಲೆತಗ್ಗಿಸಿ ಬಾಳಿದ್ದ ಈ ಜನರು ಆಗ ಎದ್ದು ನಿಂತರು. ಇಂಗ್ಲಿಷ್ ಬಾರದ ಮುದುಕಿಯರೂ ಫಲಕ ಹಿಡಿದು ಬೀದಿಗಿಳಿದರು. ನೆರೆಯ ಕಪ್ಪು ಜನರು ಅವರೊಡನೆ ಸೇರಿದರು. ಅದೇ ಆಗಸ್ಟಿನಲ್ಲಿ ಆ ಕಸದ ಬಯಲು ಮುಚ್ಚಿತು. ಚರ್ಚಿನ ಆಶ್ರಯದಲ್ಲಿ ೨೦೦೬ರಲ್ಲಿಯೇ ಒಂದು ಅಭಿವೃದ್ಧಿ ಸಂಸ್ಥೆ ಹುಟ್ಟಿ, ಕ್ರಮೇಣ ಚಿಕಿತ್ಸಾಲಯ ಮೊದಲಾದ ಕಾರ್ಯಗಳಿಗೆ ಕೈಹಾಕಿತು. ೨೦೦೭ರ ವಸಂತದ ಹೊತ್ತಿಗೆ ಅಲ್ಲಿಯ ವಿಯೆಟ್ನಾಮೀಯರಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಜನರು ಮನೆಗೆ ಮರಳಿದ್ದರು. ಸುತ್ತಲಿನ ಅನೇಕ ಬಡಾವಣೆಗಳಲ್ಲಿ ಅರ್ಧದಷ್ಟು ಜನರೂ ಮರಳಿರಲಿಲ್ಲ.

ಇವರೇನು ಶ್ರೀಮಂತರಲ್ಲ; ಇವರ ಮನೆಗಳನ್ನು ನೀರು ಬಿಟ್ಟಿರಲಿಲ್ಲ. ಹೀಗಿದ್ದೂ ಇವರು ಮೊದಲು ಎದ್ದುದಕ್ಕೆ ಕಾರಣವೇನೆಂದು ವಿದ್ವಾಂಸರು ಪರಿಶೀಲಿಸಿದ್ದಾರೆ. ಒಂದು ಸಂಸಾರವು ತಾನೊಬ್ಬನೇ ಹಿಂದಿರುಗಲು ಅಂಜುತ್ತದೆ. ಅಂಗಡಿಯವನು ಬರುವನೋ, ಶಾಲೆ ತೆರೆಯುವುದೋ, ನೆರೆಮನೆಯಲ್ಲಿ ದೀಪ ಕಾಣುವುದೋ ಎಂಬ ಸಂಶಯದಲ್ಲಿ ಎಲ್ಲರೂ ಎಲ್ಲರಿಗಾಗಿ ಕಾಯುತ್ತ ಕುಳಿತರೆ ಊರು ಮರಳಿ ಕೂಡುವುದೇ ಇಲ್ಲ. ಎಲ್ಲರೂ ಬರುತ್ತಾರೆಂಬ ನಂಬಿಕೆಯನ್ನು ಕೊಡಬಲ್ಲವರು, ಎಲ್ಲರಿಗೂ ಬೇಕಾದವರು ಒಬ್ಬರು ಬೇಕು. ಚರ್ಚು ಆ ನಂಬಿಕೆಯನ್ನು ಕೊಟ್ಟಿತು. ಅದರ ಮೂಲಧನವೆಂದರೆ ಮೂವತ್ತು ವರ್ಷಗಳಿಂದ ಬೆಳೆಸಿಕೊಂಡ ಪರಿಚಯ ಮತ್ತು ವಿಶ್ವಾಸ.

ಹೊರಗಿನಿಂದ ಬಂದ ಸ್ವಯಂಸೇವಕರ ಪಾತ್ರವೂ ಅಲ್ಪವಲ್ಲ. ಮೊದಲ ಎರಡು ವರ್ಷಗಳಲ್ಲಿ ಆ ಕರಾವಳಿಗೆ ಹತ್ತು ಲಕ್ಷಕ್ಕೂ ಹೆಚ್ಚು ಸ್ವಯಂಸೇವಕರು ಬಂದರೆಂದು ಅಲ್ಲಿಯ ಸರಕಾರಿ ಸಂಸ್ಥೆಯು ಲೆಕ್ಕಹಾಕಿದೆ. ಅವರಲ್ಲಿ ಬಹಳ ಜನ ಚರ್ಚುಗಳ ಮೂಲಕ ಬಂದವರು. ವಾರಗಟ್ಟಲೆ ನೀರಿನಲ್ಲಿ ನೆನೆದು ಬೂಷ್ಟು ಹಿಡಿದ ಮನೆಗಳಿಂದ ಕೊಳೆತ ಸಾಮಾನು, ಗೋಡೆಯ ಹಲಗೆಗಳನ್ನೆಲ್ಲ ಕಿತ್ತು ಹೊರಹಾಕಿ, ಮರದ ಕಂಬಗಳಷ್ಟೇ ಉಳಿಯುವಂತೆ ಶುದ್ಧಮಾಡುವುದು ಅವರ ಮುಖ್ಯ ಕೆಲಸವಾಗಿತ್ತು. ಕೂಲಿ ಕೊಟ್ಟು ಮಾಡಿಸಿದರೆ ಬಡವನಿಗೆ ಎಟುಕದ ಕೆಲಸವದು. ಇನ್ನೊಂದು ತೊಡಕನ್ನು ವಕೀಲರು ಬಿಡಿಸಬೇಕಾಯಿತು. ಅಜ್ಜನ ಹೆಸರಿನಲ್ಲಿದ್ದ ಮನೆಯನ್ನು ಮಕ್ಕಳು ಮೊಮ್ಮಕ್ಕಳು ತಮ್ಮ ಹೆಸರಿಗೆ ಮಾಡಿಸಿಕೊಂಡಿರಲಿಲ್ಲ. ಹಕ್ಕಿನ ಕಾಗದವಿಲ್ಲದೆ ಸರಕಾರದ ಪರಿಹಾರಧನ ಸಿಗದೆ ಅನೇಕ ಬಡ ಕುಟುಂಬಗಳು ಅತಂತ್ರವಾದವು. ಉಚಿತವಾಗಿ ಕಾನೂನಿನ ನೆರವನ್ನಿತ್ತವರು ಅಲ್ಲಿ ಬಡಗಿಗಳಷ್ಟೇ ಮನೆಗಳನ್ನು ಉಳಿಸಿದರು.

ಸೇವೆಗೆ ಅಂಟುವ ಮಲಿನ

ಇತಿಹಾಸವನ್ನು ಬರೆಯುವವನು ಒಳ್ಳೆಯದನ್ನಷ್ಟೇ ಹೇಳಿ ನಿಲ್ಲಿಸಲಾಗದು. ೨೦೧೦ರ ಜನವರಿಯಲ್ಲಿ ಹೈಟಿ ದೇಶವು ಭೀಕರ ಭೂಕಂಪದಿಂದ ನಾಶವಾಯಿತು. ಆ ತಿಂಗಳ ಕೊನೆಯಲ್ಲಿ ಅಮೆರಿಕೆಯ ಹತ್ತು ಮಂದಿ ಬ್ಯಾಪ್ಟಿಸ್ಟ್ ಸ್ವಯಂಸೇವಕರು ೩೩ ಮಕ್ಕಳನ್ನು ಅನಾಥರೆಂದು ಹೇಳಿ ಗಡಿ ದಾಟಿಸಲು ಹೊರಟು ಬಂಧಿತರಾದರು. ವಿಚಾರಿಸಿದಾಗ ಆ ಮಕ್ಕಳಲ್ಲಿ ಬಹಳ ಜನರಿಗೆ ತಂದೆತಾಯಿಗಳು ಬದುಕಿದ್ದುದು ತಿಳಿದುಬಂತು. ತಾವು ಪುಣ್ಯಕಾರ್ಯವನ್ನು ಮಾಡುತ್ತಿದ್ದೇವೆಂಬ ನಂಬಿಕೆಯಲ್ಲಿ, ಕೇಳತಕ್ಕವರನ್ನು ಕೇಳದೆ, ದೇಶದ ಕಾನೂನನ್ನು ಮೀರಿ ನಡೆದರೆ ಕರುಣೆಯೂ ಅಪರಾಧವಾಗುತ್ತದೆ. ಸಂಕಟದಲ್ಲಿರುವವನಿಗೆ ಒಂದು ಕೈಯಲ್ಲಿ ಅನ್ನವನ್ನೂ ಇನ್ನೊಂದು ಕೈಯಲ್ಲಿ ತನ್ನ ಮತವನ್ನೂ ನೀಡುವುದು ಕೂಡ ಇದೇ ಜಾತಿಯ ದೋಷ. ಈ ದೋಷವನ್ನು ಚರ್ಚುಗಳಲ್ಲಿ ತೋರಿಸುವುದು ನಮಗೆ ಸುಲಭ. ಆದರೆ ನಾವು ಕಟ್ಟಿಸಿಕೊಟ್ಟ ಮನೆಯವನು ನಮ್ಮ ಉತ್ಸವಕ್ಕೆ ಬರಲೇಬೇಕು, ನಮ್ಮ ಪಕ್ಷವನ್ನು ಹಿಡಿಯಲೇಬೇಕು ಎಂದು ನಾವು ಅಪೇಕ್ಷಿಸಿದರೆ ನಾವು ಮಾಡಿದ್ದೂ ಅದೇ ವ್ಯಾಪಾರವಾಗುತ್ತದೆ.

ಎರಡನೆಯದು, ಬೇಡದ ದಾನ. ೨೦೦೪ರ ಸುನಾಮಿಯ ತರುವಾಯ ತಮಿಳುನಾಡಿನ ನಾಗಪಟ್ಟಣದ ಕಡೆಗೆ ಹಳೆಯ ಬಟ್ಟೆಗಳು ರಾಶಿರಾಶಿಯಾಗಿ ಬಂದು ರಸ್ತೆಯ ಬದಿಯಲ್ಲಿ ಬಿದ್ದುವು. ದುಡಿದು ಬಾಳಿದ ಮೀನುಗಾರರು ಅವನ್ನು ಮುಟ್ಟಲಿಲ್ಲ. ಅವರಿಗೆ ದೋಣಿಯೂ ಬಲೆಯೂ ಬೇಕಾಗಿದ್ದವು.

ಮೂರನೆಯದು ಎಲ್ಲಕ್ಕಿಂತ ಸೂಕ್ಷ್ಮವಾದುದು. ನ್ಯೂ ಆರ್ಲಿಯನ್ಸಿನಲ್ಲಿ ಸ್ವತಃ ಮನೆಯನ್ನು ಕಳೆದುಕೊಂಡ ಡೇನಿಯಲ್ ಆಲ್ಡ್ರಿಚ್ ಎಂಬ ವಿದ್ವಾಂಸರು ೨೦೧೨ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಟೋಕಿಯೊ, ಕೋಬೆ, ತಮಿಳುನಾಡು, ನ್ಯೂ ಆರ್ಲಿಯನ್ಸುಗಳನ್ನು ತೂಗಿನೋಡಿದ್ದಾರೆ. ಜನರ ಪರಸ್ಪರ ಸಂಬಂಧವು ಬಲವಾಗಿರುವ ಊರು ಬೇಗನೆ ಚೇತರಿಸಿಕೊಳ್ಳುತ್ತದೆಂದು ಅವರು ತೋರಿಸುತ್ತಾರೆ. ಅದರೊಡನೆ ಇನ್ನೊಂದನ್ನೂ ತೋರಿಸುತ್ತಾರೆ: ತಮಿಳುನಾಡಿನ ಕರಾವಳಿಯಲ್ಲಿ ಪಂಚಾಯತಿಗಳು ಬಲವಾಗಿದ್ದ ಹಳ್ಳಿಗಳಿಗೆ ನೆರವು ಚೆನ್ನಾಗಿ ಹರಿದು ಬಂದಿತು, ಆದರೆ ಅದೇ ಕಟ್ಟಿನ ಹೊರಗಿದ್ದ ದಲಿತರೂ ವಿಧವೆಯರೂ ಅನೇಕ ಕಡೆ ಪಟ್ಟಿಯಿಂದ ಹೊರಗುಳಿದರು. ಒಳಗಿನವರನ್ನು ಕಾಯುವ ಬೇಲಿಯೇ ಹೊರಗಿನವರಿಗೆ ಅಡ್ಡವಾಯಿತು. ಇವನಾರವನೆಂದು ಕೇಳದ ಧರ್ಮವನ್ನು ನಮಗೆ ಕೊಟ್ಟುಹೋದ ಬಸವಾದಿ ಶರಣರ ಮಕ್ಕಳಾದ ನಾವು ಈ ಮಾತನ್ನು ಎದೆಯಲ್ಲಿಟ್ಟುಕೊಳ್ಳಬೇಕು.

ನಮ್ಮ ಮಠಗಳ ಹೊಣೆ

ನಮ್ಮ ನಾಡಿಗೆ ಆಪತ್ತುಗಳು ಅಪರಿಚಿತವಲ್ಲ. ೧೯೯೩ನೆಯ ಸೆಪ್ಟೆಂಬರ್ ೩೦ರ ನಸುಕಿನಲ್ಲಿ ಕಿಲ್ಲಾರಿಯ ಭೂಕಂಪವು ಗಡಿಯಾಚೆಯ ನಮ್ಮ ಬಂಧುಗಳನ್ನು ಸಾವಿರಗಟ್ಟಲೆ ಬಲಿತೆಗೆದುಕೊಂಡಿತು. ೨೦೦೯ರಲ್ಲಿಯೂ ೨೦೧೯ರಲ್ಲಿಯೂ ಉತ್ತರ ಕರ್ನಾಟಕದ ಊರುಗಳನ್ನು ನೆರೆ ಕೊಚ್ಚಿತು. ೨೦೦೯ರ ತರುವಾಯ ‘ಆಸರೆ’ ಯೋಜನೆಯಲ್ಲಿ ಸರಕಾರವೂ ದಾನಿಗಳೂ ಕೂಡಿ ಕಟ್ಟಿದ ಹೊಸ ಊರುಗಳಲ್ಲಿ ಹಲವೆಡೆ ಮನೆಗಳು ಖಾಲಿ ಉಳಿದವು. ಹೊಲ ದೂರವಾಯಿತು, ದನ ಕಟ್ಟಲು ಜಾಗವಿಲ್ಲ ಎಂದು ರೈತರು ಹಳೆಯ ಮನೆಗಳನ್ನೇ ಹಿಡಿದು ಕುಳಿತರು. ಮನೆಯಲ್ಲಿ ವಾಸಿಸುವವನನ್ನು ಮೊದಲು ಕೇಳಿದ್ದರೆ ಗೋಡೆಗೆ ಸುರಿದ ಹಣವು ಸಾರ್ಥಕವಾಗುತ್ತಿತ್ತು.

ಆದುದರಿಂದ ಭಕ್ತರಲ್ಲಿಯೂ, ಮಠದ ಪ್ರಸಾದನಿಲಯಗಳಲ್ಲಿ ಉಂಡು ಕಲಿತು ಇಂದು ನಾನಾ ಹುದ್ದೆಗಳಲ್ಲಿರುವ ಹಳೆಯ ವಿದ್ಯಾರ್ಥಿಗಳಲ್ಲಿಯೂ ನಾವು ಕೆಲವು ಮಾತುಗಳನ್ನು ನಿವೇದಿಸುತ್ತೇವೆ. ಮೊದಲನೆಯದಾಗಿ, ಆಪತ್ತು ಬರುವ ಮುನ್ನವೇ ಪ್ರತಿಯೊಂದು ಊರಿನ ಶಾಖಾಮಠವು ಆ ಊರಿನ ಎಲ್ಲ ಓಣಿಗಳ, ಎಲ್ಲ ಜಾತಿಮತಗಳ ಮನೆಗಳ ಪಟ್ಟಿಯನ್ನು ಇಟ್ಟುಕೊಳ್ಳಲಿ. ವೃದ್ಧರು, ರೋಗಿಗಳು, ಒಂಟಿ ಹೆಂಗಸರು ಯಾರೆಂದು ಅದರಲ್ಲಿ ಗುರುತಾಗಿರಲಿ. ನ್ಯೂ ಆರ್ಲಿಯನ್ಸಿನಲ್ಲಿ ದೀಪವನ್ನು ಹತ್ತಿಸಿದ್ದು ಅಂತಹ ಒಂದು ಪಟ್ಟಿಯೇ. ಎರಡನೆಯದಾಗಿ, ಹಳೆಯ ವಿದ್ಯಾರ್ಥಿಗಳಲ್ಲಿ ಇಂಜಿನಿಯರರು, ವೈದ್ಯರು, ವಕೀಲರು, ಶಿಕ್ಷಕರು, ಗಾರೆ ಕೆಲಸ ಬಲ್ಲವರು ಯಾರಾರೆಂದು ಮಠಕ್ಕೆ ತಿಳಿದಿರಲಿ. ಮನೆಯ ಉತಾರ, ವಾರಸಾ, ಪರಿಹಾರದ ಅರ್ಜಿ ಇವುಗಳಲ್ಲಿ ಒಬ್ಬ ವಕೀಲನು ನಾಲ್ಕು ದಿನ ಕುಳಿತು ಮಾಡುವ ಸಹಾಯವು ನಾಲ್ಕು ಲಾರಿ ಬಟ್ಟೆಗಿಂತ ಹಿರಿದು. ಮೂರನೆಯದಾಗಿ, ಸಂಗ್ರಹಿಸಿದ ಧನದಲ್ಲಿ ಒಂದು ಪಾಲನ್ನು ಮೊದಲ ತಿಂಗಳಿನಲ್ಲಿ ಮುಟ್ಟದೆ, ಆರನೆಯ ತಿಂಗಳಿಗೂ ಎರಡನೆಯ ವರ್ಷಕ್ಕೂ ಕಾದಿರಿಸಲಿ. ನಾಲ್ಕನೆಯದಾಗಿ, ಒಂದು ಸೀಮೆಯ ಮಠಗಳು, ಮಸೀದಿಗಳು, ಚರ್ಚುಗಳು, ಸಂಘಗಳು ಒಂದೇ ಪಟ್ಟಿಯನ್ನು ಮುಂದಿಟ್ಟುಕೊಂಡು ಕುಳಿತುಕೊಳ್ಳಲಿ. ಟಾರು ಕಾಗದದ ಚಪ್ಪರದಲ್ಲಿ ಎರಡು ಪಂಥಗಳು ಕೂಡಬಹುದಾದರೆ ನಮ್ಮ ಮಠಮಠಗಳ ನಡುವಿನ ಗೋಡೆಯೂ ನೆರೆಯ ಹೊತ್ತಿಗಾದರೂ ಕರಗಬೇಕು.

ಕೊನೆಯದಾಗಿ, ಸಹಾಯವನ್ನು ಪಡೆಯುವವನಿಗೆ ಕೆಲಸವನ್ನೂ ಮಾತನ್ನೂ ಬಿಟ್ಟುಕೊಡೋಣ. ತನ್ನ ಮನೆಯ ಬುನಾದಿಗೆ ಅವನೇ ಕಲ್ಲು ಹೊರಲಿ; ಬಾಗಿಲು ಯಾವ ದಿಕ್ಕಿಗಿರಬೇಕೆಂದು ಅವನ ಹೆಂಡತಿಯೇ ಹೇಳಲಿ. ದಾಸೋಹದಲ್ಲಿ ನೀಡುವವನು ದಾಸ, ಪಡೆಯುವವನು ಒಡೆಯ. ಈ ಭಾವವು ಪ್ರಸಾದದ ಪಂಕ್ತಿಯಲ್ಲಿ ನಮಗೆ ಅಭ್ಯಾಸವಾಗಿದೆ. ಬಿದ್ದ ಮನೆಯ ಮುಂದೆ, ಆರು ತಿಂಗಳಾದ ಮೇಲೆ, ಯಾರೂ ನೋಡದಿರುವಾಗ ಅದೇ ಭಾವವು ನಮ್ಮಲ್ಲಿ ಉಳಿದೀತೆ ಎಂಬುದೇ ನಮ್ಮ ಪರೀಕ್ಷೆ. ಆ ಪರೀಕ್ಷೆಯಲ್ಲಿ ತೇರ್ಗಡೆಯಾಗುವ ಶಕ್ತಿಯನ್ನು ಪರಶಿವನು ನಮಗೆಲ್ಲ ದಯಪಾಲಿಸಲಿ. ಸರ್ವರಿಗೂ ಸನ್ಮಂಗಳವುಂಟಾಗಲಿ.